ಉಪ್ಪಿನ ಲೆಕ್ಕ

ವಯಸ್ಸಾದವರು ಹೊತ್ತುಗೊತ್ತಿಲ್ಲದೆ ಸಂಬಂಧವಿಲ್ಲದ ಮಾತುಗಳನ್ನು ಆಡತೊಡಗಿದರೆ ಮನೆಮಂದಿಯ ಬಾಯಿಂದ ಮೊದಲು ಹೊರಡುವುದು 'ಇನ್ನೇನು, ವಯಸ್ಸಾಯಿತಲ್ಲ' ಎಂಬ ಮಾತು. ಅಷ್ಟು ಹೇಳಿಬಿಟ್ಟರೆ ನಮ್ಮ ಹೊಣೆಯೆಲ್ಲ ಇಳಿದುಹೋದಂತೆ ಮನಸ್ಸಿಗೆ ಸಮಾಧಾನವಾಗುತ್ತದೆ. ನಾನೂ ಆ ಮಾತನ್ನು ಆಡಿದವಳೇ. ಆಡಿದ್ದು 2016ರ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ, ನನ್ನ ಅತ್ತೆಯವರನ್ನು ಕುರಿತು. ಅದಾದ ನಾಲ್ಕನೆಯ ದಿನ ಅವರು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿದ್ದರು.

ನಮ್ಮ ಮನೆ ಇರುವುದು ಬೆಂಗಳೂರಿನ ಕುಕ್ ಟೌನಿನಲ್ಲಿ. ಮಾವನವರು ಲಿಂಗೈಕ್ಯರಾದ ಮೇಲೆ ಅತ್ತೆಯವರು ರಾಣೆಬೆನ್ನೂರಿನ ಮನೆಗೆ ಬೀಗ ಹಾಕಿ ನಮ್ಮೊಡನೆ ಇರಲು ಬಂದರು. ಸುತ್ತಮುತ್ತ ತಮಿಳು, ಇಂಗ್ಲಿಷ್, ಮಲಯಾಳಂ, ಉರ್ದು ಮಾತುಗಳೇ ಕೇಳಿಬರುವ ಈ ಬಡಾವಣೆಯಲ್ಲಿ ಅವರಿಗೆ ಬೇಗ ಆಪ್ತವಾದದ್ದು ಒಂದೇ ಒಂದು, ಬೆಂಗಳೂರು ಪೂರ್ವ ರೈಲು ನಿಲ್ದಾಣದ ಕಡೆಯಿಂದ ರಾತ್ರಿ ಹೊತ್ತು ಕೇಳಿಬರುವ ರೈಲಿನ ಸದ್ದು. ಅವರಿಗೆ ಆಗ 78 ವರ್ಷ. ರಕ್ತದೊತ್ತಡವಿತ್ತು, ಥೈರಾಯ್ಡ್ ಗ್ರಂಥಿಯ ಸ್ರಾವ ಕಡಿಮೆಯೆಂದು 12 ವರ್ಷಗಳಿಂದ ಥೈರಾಕ್ಸಿನ್ ಮಾತ್ರೆ ನುಂಗುತ್ತಿದ್ದರು. ಇವೆರಡನ್ನು ಬಿಟ್ಟರೆ ಗಟ್ಟಿಮುಟ್ಟಾದ ಜೀವ. ಬೆಳಗಿನ ಐದೂವರೆಗೆ ಸ್ನಾನ, ಅನಂತರ ಇಷ್ಟಲಿಂಗ ಪೂಜೆ, ಆಮೇಲೆಯೇ ಕಾಫಿ. ಈ ಕ್ರಮ ಒಂದು ದಿನವೂ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಆ ವರ್ಷದ ಬೇಸಿಗೆಯನ್ನು ಬೆಂಗಳೂರಿನವರು ಮರೆತಿರಲಾರರು. ಏಪ್ರಿಲ್ ಕೊನೆಯಲ್ಲಿ ಊರಿನ ಉಷ್ಣಾಂಶ 39 ಡಿಗ್ರಿಯನ್ನು ದಾಟಿತ್ತು. ಬಿಸಿಲಿಗೆ ನೀರು ಕುಡಿಯಬೇಕೆಂದು ಎಲ್ಲ ಪತ್ರಿಕೆಗಳೂ ಬರೆಯುತ್ತಿದ್ದವು. ನಾನು ಹಠ ಹಿಡಿದವಳಂತೆ ಗಂಟೆಗೊಂದು ಲೋಟ ನೀರನ್ನು ಅತ್ತೆಯವರ ಕೈಗಿಡುತ್ತಿದ್ದೆ. ಅದಕ್ಕೆ ಮೂರು ವಾರ ಮೊದಲು ವೈದ್ಯರು ರಕ್ತದೊತ್ತಡ ಇಳಿದಿಲ್ಲವೆಂದು ಮಾತ್ರೆಯನ್ನು ಬದಲಾಯಿಸಿ, ಉಪ್ಪು ಕಡಿಮೆ ಮಾಡಿ ಎಂದು ಹೇಳಿದ್ದರು. ಕಡಿಮೆ ಎಂಬ ಮಾತನ್ನು ನಾನು ಪೂರ್ತಿ ಬೇಡವೆಂದೇ ಅರ್ಥಮಾಡಿಕೊಂಡೆ. ಉಪ್ಪಿನಕಾಯಿ ನಿಂತಿತು, ಹಪ್ಪಳ ನಿಂತಿತು, ರೊಟ್ಟಿಯ ಜೊತೆಗಿನ ಕೆಂಪು ಚಟ್ನಿ ನಿಂತಿತು. ಸಾರಿಗೂ ಮಜ್ಜಿಗೆಗೂ ಉಪ್ಪು ಬೀಳಲಿಲ್ಲ. "ಹಿಂಗ ಸಪ್ಪನ ಸಾರು ಹ್ಯಾಂಗ ಉಣ್ಣೂದವ್ವಾ" ಎಂದು ಅವರು ಎರಡು ದಿನ ಗೊಣಗಿದರು. ಆಮೇಲೆ ಊಟವನ್ನೇ ಕಡಿಮೆ ಮಾಡಿಕೊಂಡರು. ಸೊಸೆಯ ಶ್ರದ್ಧೆಯನ್ನು ಬಂದ ನೆಂಟರೆಲ್ಲ ಹೊಗಳಿದರು.

ಮೊದಲು ವಾಕರಿಕೆ, ತಲೆನೋವು ಬಂದವು. ಅನಂತರ ನಡಿಗೆಯಲ್ಲಿ ತೂರಾಟ. ಬಿಸಿಲಿನ ಬೇಗೆ ಎಂದುಕೊಂಡು ಇನ್ನಷ್ಟು ನೀರು, ಎಳನೀರು ಕೊಟ್ಟೆ. ಒಂದು ರಾತ್ರಿ ರೈಲಿನ ಸದ್ದಾಗುತ್ತಲೇ ಅವರು ಹಾಸಿಗೆಯಿಂದ ಎದ್ದು, "ಏಳ್ರಿ, ರಾಣೆಬೆನ್ನೂರು ಬಂತು, ಇಳೀರಿ" ಎಂದು ಸೆರಗು ಸರಿಪಡಿಸಿಕೊಂಡು ಬಾಗಿಲಿನ ಕಡೆಗೆ ಹೊರಟರು. ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತವರು ಎಡ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಂಡು, ಮುಂದೇನು ಮಾಡಬೇಕೆಂದು ತಿಳಿಯದೆ, ನನ್ನ ಮುಖವನ್ನು ನೋಡಿದರು. ಎಪ್ಪತ್ತು ವರ್ಷಗಳ ಅಭ್ಯಾಸ ಕೈಯಿಂದ ಅಳಿಸಿಹೋಗಿತ್ತು. ಆ ನೋಟ ನನಗೆ ಇಂದಿಗೂ ಮರೆತಿಲ್ಲ. ಆದರೂ ನಾನು ಆಡಿದ್ದು ಅದೇ ಮಾತನ್ನು, 'ವಯಸ್ಸಾಯಿತಲ್ಲ'. ನನ್ನ ಯಜಮಾನರು ಮರೆವಿನ ಕಾಯಿಲೆಗೆ ಚಿಕಿತ್ಸೆ ಎಲ್ಲಿ ದೊರೆಯುವುದೆಂದು ವಿಚಾರಿಸತೊಡಗಿದರು.

ನಮ್ಮ ಬೀದಿಯ ಎದುರು ಸಾಲಿನಲ್ಲಿ ಆಂಗ್ಲೋ ಇಂಡಿಯನ್ ಮಹಿಳೆಯೊಬ್ಬರು ವಾಸವಾಗಿದ್ದರು. ನಲವತ್ತು ವರ್ಷಗಳ ಕಾಲ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು 'ಸಿಸ್ಟರ್ ಆಂಟಿ' ಎಂದೇ ಕರೆಯುತ್ತಿದ್ದೆವು. ಅತ್ತೆಯವರಿಗೂ ಅವರಿಗೂ ಭಾಷೆ ಕೂಡದಿದ್ದರೂ ಸಂಜೆ ಗೇಟಿನ ಬಳಿ ನಿಂತು ಅರ್ಧ ಗಂಟೆ ಮಾತನಾಡುತ್ತಿದ್ದರು. ಯಾರು ಯಾರಿಗೆ ಏನು ಹೇಳುತ್ತಿದ್ದರೆಂಬುದು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ಮೂರು ದಿನ ಅತ್ತೆಯವರು ಗೇಟಿಗೆ ಬರದಿದ್ದುದನ್ನು ಕಂಡು ಅವರೇ ಒಳಗೆ ಬಂದರು. ಮಂಚದ ಬಳಿ ಕುಳಿತು ಕೈಹಿಡಿದು ಹೆಸರು ಕೇಳಿದರು, ವಾರ ಕೇಳಿದರು. ಮೊದಲು ನಮ್ಮ ಮನೆಯ ಗ್ಲುಕೋಮೀಟರಿನಲ್ಲಿ ಸಕ್ಕರೆಯನ್ನು ನೋಡಿದರು. 118 ಇತ್ತು. "ಸಕ್ಕರೆ ಎಪ್ಪತ್ತರ ಕೆಳಗೆ ಹೋದರೂ ಹೀಗೆ ಆಗುತ್ತದೆ, ಅದು ಅಲ್ಲ" ಎಂದರು. ಆಮೇಲೆ, "ಎಲ್ಲ ಮಾತ್ರೆ ತಂದು ತೋರಿಸಮ್ಮ" ಎಂದರು.

ಮಾತ್ರೆಯ ಹಾಳೆಯನ್ನು ಬೆಳಕಿಗೆ ಹಿಡಿದು ಅವರು ಒಂದು ಅಕ್ಷರವನ್ನು ತೋರಿಸಿದರು. ಹೆಸರು ಹಳೆಯದೇ, ಅದರ ಕೊನೆಗೆ 'ಎಚ್' ಎಂಬ ಅಕ್ಷರವೊಂದು ಹೊಸದಾಗಿ ಸೇರಿತ್ತು. ರಕ್ತದೊತ್ತಡದ ಅನೇಕ ಮಾತ್ರೆಗಳಲ್ಲಿ ಆ ಅಕ್ಷರಕ್ಕೆ ಹೈಡ್ರೋಕ್ಲೋರೋಥಯಜೈಡ್ ಎಂದು ಅರ್ಥ. ಅದು ಮೂತ್ರದ ಮೂಲಕ ಉಪ್ಪನ್ನು ಹೊರಗೆ ಹಾಕಿ ಒತ್ತಡವನ್ನು ಇಳಿಸುವ ಔಷಧಿ. ಅಗ್ಗವಾದ, ಒಳ್ಳೆಯ ಔಷಧಿಯೇ. ಲಕ್ಷಾಂತರ ಜನರಿಗೆ ಉಪಕಾರ ಮಾಡಿದೆ. ಆದರೆ ವಯಸ್ಸಾದವರಲ್ಲಿ, ಅದರಲ್ಲೂ ತೆಳ್ಳಗಿನ ದೇಹದ ಹೆಂಗಸರಲ್ಲಿ, ಪ್ರಾರಂಭಿಸಿದ ಕೆಲವೇ ವಾರಗಳಲ್ಲಿ ರಕ್ತದ ಸೋಡಿಯಂ ಕುಸಿಯುವ ಸಂಭವವುಂಟು. ಹೊಸದಾಗಿ ಕೊಟ್ಟಾಗ ಒಮ್ಮೆ ರಕ್ತಪರೀಕ್ಷೆ ಮಾಡಿಸಬೇಕು. ನಮಗೆ ಅದನ್ನು ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

"ಇದು ವಯಸ್ಸು ಅಲ್ಲಮ್ಮ, ಸೋಡಿಯಂ. ನಾಳೆ ಅಲ್ಲ, ಈಗಲೇ ಹೋಗಿ" ಎಂದರು ಸಿಸ್ಟರ್ ಆಂಟಿ.

ಆ ಮಧ್ಯಾಹ್ನ ನಾಲ್ಕು ಗಂಟೆಗೆ ಆಸ್ಪತ್ರೆಯಲ್ಲಿ ಬಂದ ಸಂಖ್ಯೆ 112. ಆರೋಗ್ಯವಂತರಲ್ಲಿ ಅದು ಲೀಟರಿಗೆ 135ರಿಂದ 145 ಮಿಲಿಈಕ್ವಿವಲೆಂಟ್ ಇರಬೇಕು. ಅಷ್ಟು ಹೊತ್ತಿಗೆ ಅತ್ತೆಯವರು ವಾಂತಿ ಮಾಡಿಕೊಂಡು, ಕೂಗಿದರೆ ಮಾತ್ರ ಕಣ್ಣು ತೆರೆಯುವ ಸ್ಥಿತಿಗೆ ಬಂದಿದ್ದರು.

ಉಪ್ಪು ತಿನ್ನದೆ ಉಪ್ಪು ಕಡಿಮೆಯಾಯಿತು ಎಂದೇ ನಾನು ತಿಳಿದಿದ್ದೆ. ಅಲ್ಲಿನ ವೈದ್ಯರು ತಿಳಿಸಿ ಹೇಳಿದಾಗ ಅದು ಅರ್ಧ ಸತ್ಯವೆಂದು ಅರಿವಾಯಿತು. ಸಾರಿಗೆ ಉಪ್ಪು ಹಾಕುವುದನ್ನು ಮರೆತರೂ ಸಪ್ಪೆಯಾಗುತ್ತದೆ. ಸರಿಯಾಗಿ ಉಪ್ಪು ಹಾಕಿದ ಸಾರಿಗೆ ಎರಡು ತಂಬಿಗೆ ನೀರು ಸುರಿದರೂ ಸಪ್ಪೆಯಾಗುತ್ತದೆ. ಅತ್ತೆಯವರ ದೇಹದಲ್ಲಿ ಹೆಚ್ಚಾಗಿ ನಡೆದದ್ದು ಎರಡನೆಯದು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಎಂಬ ನಿರ್ನಾಳ ಗ್ರಂಥಿಯಿಂದ ವ್ಯಾಸೊಪ್ರೆಸಿನ್ ಎಂಬ ರಸ ಬಿಡುಗಡೆಯಾಗುತ್ತದೆ. ನೀರನ್ನು ಹೊರಗೆ ಬಿಡಬೇಡವೆಂದು ಮೂತ್ರಪಿಂಡಕ್ಕೆ ಅದು ಅಪ್ಪಣೆ ಕೊಡುತ್ತದೆ. ಮಾತ್ರೆ ಉಪ್ಪನ್ನು ಹೊರಗೆ ಹಾಕುತ್ತಿತ್ತು, ಗ್ರಂಥಿರಸ ನೀರನ್ನು ಒಳಗೆ ಹಿಡಿದಿಟ್ಟಿತ್ತು, ನಾನು ಮೇಲಿನಿಂದ ಲೋಟದ ಮೇಲೆ ಲೋಟ ನೀರು ಸುರಿದಿದ್ದೆ. ಅಲ್ಪಸ್ವಲ್ಪ ಉಣ್ಣುವ ಮುದುಕಿಯ ಮೂತ್ರಪಿಂಡಕ್ಕೆ ಅಷ್ಟು ನೀರನ್ನು ಹೊರಹಾಕುವ ಶಕ್ತಿಯೂ ಇರುವುದಿಲ್ಲವಂತೆ. ರಕ್ತ ತೆಳುವಾದಾಗ ನೀರು ಜೀವಕೋಶಗಳೊಳಗೆ ನುಗ್ಗುತ್ತದೆ. ಬೇರೆ ಅಂಗ ಊದಿದರೆ ಹಿಗ್ಗಲು ಜಾಗವಿದೆ. ತಲೆಬುರುಡೆಯೊಳಗಿನ ಮಿದುಳಿಗೆ ಅದಿಲ್ಲ.

ಎಳನೀರಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎಳನೀರು ಉಪ್ಪಿನ ಅಂಶಗಳ ಭಂಡಾರವೆಂದು ನಾವೆಲ್ಲ ನಂಬಿದ್ದೇವೆ. ಅದರಲ್ಲಿ ಹೇರಳವಾಗಿರುವುದು ಪೊಟ್ಯಾಷಿಯಂ, ಸೋಡಿಯಂ ಅಲ್ಪ. ಮೂತ್ರಪಿಂಡ ಸೋತವರಿಗೆ, ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ನುಂಗುವವರಿಗೆ, ಆ ಪೊಟ್ಯಾಷಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಅಂಗಡಿಯಲ್ಲಿ 'ಸೋಡಿಯಂ ಕಡಿಮೆ' ಎಂದು ಮಾರುವ ಉಪ್ಪಿನಲ್ಲಿಯೂ ಸೋಡಿಯಂನ ಒಂದು ಪಾಲಿನ ಬದಲಿಗೆ ಪೊಟ್ಯಾಷಿಯಂ ಲವಣ ಸೇರಿರುತ್ತದೆ. ಇಂಥವರ ಮನೆಯಲ್ಲಿ ವೈದ್ಯರನ್ನು ಕೇಳದೆ ಅದನ್ನು ತರಬಾರದು.

ಆ ರಾತ್ರಿಯ ಕಥೆಗೆ ಬರುತ್ತೇನೆ. ಮೊದಲು ಶೇಕಡಾ 3ರ ಗಾಢವಾದ ಉಪ್ಪುನೀರನ್ನು 150 ಮಿಲಿಲೀಟರಿನಷ್ಟು ಇಪ್ಪತ್ತು ನಿಮಿಷಗಳಲ್ಲಿ ಕೊಟ್ಟರು. ಆರು ಗಂಟೆಗೆ 116 ಆಯಿತು. ಅತ್ತೆಯವರು ಕಣ್ಣು ತೆರೆದು ಮಗನನ್ನು ಗುರುತಿಸಿದರು. ಅಲ್ಲಿಂದ ಮುಂದೆ ಸಾಧಾರಣ ಸಲೈನನ್ನು ಹನಿಹನಿಯಾಗಿ ಬಿಟ್ಟರು. ಹತ್ತು ಗಂಟೆಗೆ 117. ನಮ್ಮ ಯಜಮಾನರಿಗೆ ತಾಳ್ಮೆ ತಪ್ಪಿತು. "ಅಷ್ಟು ಹೊತ್ತಿಗೆ ನಾಲ್ಕು ಏರಿಸಿದವರು ಈಗ ಒಂದು ಏರಿಸಲು ನಾಲ್ಕು ಗಂಟೆ ತೆಗೆದುಕೊಂಡರೆ ಹೇಗೆ? ಬೇಗ ಬೇಗ ಹಾಕಿ" ಎಂದು ರಾತ್ರಿ ಪಾಳಿಯ ನರ್ಸಿನ ಮೇಲೆ ದನಿ ಎತ್ತರಿಸಿದರು. ಕೇರಳದ ಕಡೆಯ ಹುಡುಗಿ, ಇಪ್ಪತ್ತೈದು ದಾಟಿರಲಾರದು. ಅವಳು ಸಿಟ್ಟಾಗಲಿಲ್ಲ. "ಸಾರ್, ಇಪ್ಪತ್ತನಾಲ್ಕು ಗಂಟೆಗೆ ಎಂಟು. ಹೆಚ್ಚು ಬೇಡ. ಹೆಚ್ಚಾದರೆ ಅಜ್ಜಿ ಇವತ್ತು ಮಾತನಾಡುತ್ತಾರೆ, ನಾಲ್ಕು ದಿನ ಬಿಟ್ಟು ಮಾತೇ ಇರುವುದಿಲ್ಲ" ಎಂದಳು.

ಅವಳ ಮಾತಿನ ಅರ್ಥವನ್ನು ಆಮೇಲೆ ವೈದ್ಯರು ಬಿಡಿಸಿದರು. ಸೋಡಿಯಂ ದಿನಗಟ್ಟಲೆ ನಿಧಾನವಾಗಿ ಇಳಿದಾಗ ಮಿದುಳಿನ ಕೋಶಗಳು ತಮ್ಮೊಳಗಿನ ಲವಣಗಳನ್ನು ಹೊರಹಾಕಿ ಆ ಸಪ್ಪೆ ರಕ್ತಕ್ಕೆ ಹೊಂದಿಕೊಂಡಿರುತ್ತವೆ. ಆಗ ಹೊರಗಿನ ಉಪ್ಪು ಥಟ್ಟನೆ ಏರಿದರೆ ಕೋಶಗಳೊಳಗಿನ ನೀರು ರಭಸದಿಂದ ಹೊರಗೆ ಬಂದು, ನರತಂತುಗಳ ಮೇಲಿನ ಹೊದಿಕೆ ಕಳಚಿಹೋಗುತ್ತದೆ. ಕೆಲವು ದಿನಗಳ ನಂತರ ನಾಲಗೆ ತೊದಲುತ್ತದೆ, ನುಂಗಲು ಆಗುವುದಿಲ್ಲ, ಕೈಕಾಲು ಬಿದ್ದುಹೋಗುತ್ತವೆ. ಅನೇಕರಲ್ಲಿ ಅದು ಪೂರ್ತಿ ಸರಿಹೋಗುವುದಿಲ್ಲ.

ರಾತ್ರಿ ಎರಡು ಗಂಟೆಯ ಹೊತ್ತಿಗೆ ನಾನು ಹೊರಗಿನ ಬೆಂಚಿನಲ್ಲಿ ತೂಕಡಿಸುತ್ತಿದ್ದೆ. ಒಳಗೆ ಓಡಾಟ ಕೇಳಿ ಎದ್ದು ಗಾಜಿನ ಬಾಗಿಲಿನಿಂದ ನೋಡಿದೆ. ಆ ಹುಡುಗಿ ಮಂಚದ ಪಕ್ಕಕ್ಕೆ ತೂಗುಹಾಕಿದ್ದ ಮೂತ್ರದ ಚೀಲವನ್ನು ಟಾರ್ಚು ಹಿಡಿದು ಪರೀಕ್ಷಿಸುತ್ತಿದ್ದಳು. ಹಿಂದಿನ ಗಂಟೆಗಳಲ್ಲಿ ಗಂಟೆಗೆ 40 ಮಿಲಿಲೀಟರ್ ಬರುತ್ತಿದ್ದ ಮೂತ್ರ ಆ ಒಂದು ಗಂಟೆಯಲ್ಲಿ 300 ಬಂದಿತ್ತು. ಬಣ್ಣವೂ ನೀರಿನಂತೆ ತಿಳಿಯಾಗಿತ್ತು. ಮೂತ್ರ ಚೆನ್ನಾಗಿ ಹೋಗುತ್ತಿದೆಯೆಂದರೆ ನಮ್ಮಂಥವರು ಸಂತೋಷಪಡುತ್ತಿದ್ದೆವು. ಅವಳು ಹಾಗೆ ತಿಳಿಯಲಿಲ್ಲ. ವೈದ್ಯರನ್ನು ಎಬ್ಬಿಸಿದಳು, ರಕ್ತ ತೆಗೆದು ತಾನೇ ಪ್ರಯೋಗಾಲಯಕ್ಕೆ ಕಳುಹಿಸಿದಳು. ಮಾತ್ರೆ ನಿಂತು, ಸಲೈನಿನಿಂದ ದೇಹ ಚೇತರಿಸಿಕೊಂಡು, ಪಿಟ್ಯುಟರಿ ತನ್ನ ಅಪ್ಪಣೆಯನ್ನು ಹಿಂತೆಗೆದುಕೊಂಡ ಕೂಡಲೇ ಮೂತ್ರಪಿಂಡ ಕಟ್ಟೆಯೊಡೆದಂತೆ ನೀರನ್ನು ಬಿಡತೊಡಗಿತ್ತು. ನೀರು ಹೊರಟಷ್ಟೂ ಸೋಡಿಯಂ ತಾನಾಗಿಯೇ ಏರುತ್ತಿತ್ತು. ಬಂದ ಸಂಖ್ಯೆ 120. ಇಡೀ ದಿನಕ್ಕೆ ನಿಗದಿಯಾದ ಎಂಟು ಹತ್ತೇ ಗಂಟೆಗಳಲ್ಲಿ ಮುಗಿದುಹೋಗಿತ್ತು. ವೈದ್ಯರು ಸಲೈನನ್ನು ನಿಲ್ಲಿಸಿ, ಬರೀ ಸಕ್ಕರೆಯ ನೀರನ್ನು ನಿಧಾನವಾಗಿ ಬಿಟ್ಟು, ಡೆಸ್ಮೊಪ್ರೆಸಿನ್ ಎಂಬ ಚುಚ್ಚುಮದ್ದು ಕೊಟ್ಟರು. ಅದು ಆ ವ್ಯಾಸೊಪ್ರೆಸಿನ್ ರಸದ್ದೇ ಮಾನವನಿರ್ಮಿತ ರೂಪ. ಸಂಜೆ ಯಾವ ರಸ ನಮ್ಮ ಶತ್ರುವಾಗಿತ್ತೋ ನಡುರಾತ್ರಿಯಲ್ಲಿ ಅದನ್ನೇ ಬೇಡಿ ತರಿಸಬೇಕಾಯಿತು. ಬೆಳಿಗ್ಗೆ ಆರಕ್ಕೆ 119. ಮರುದಿನ ಸಂಜೆ ನಾಲ್ಕಕ್ಕೆ 120.

ಆ ಹುಡುಗಿ ಆ ಗಂಟೆಯ ಮೂತ್ರವನ್ನು ಅಳೆಯದೆ, ಬೆಳಿಗ್ಗೆ ಒಟ್ಟಿಗೆ ಬರೆದರಾಯಿತೆಂದು ಬಿಟ್ಟಿದ್ದರೆ? ಬೆಳಿಗ್ಗೆ ಯಜಮಾನರು ಅವಳ ಬಳಿಗೆ ಹೋಗಿ ಕ್ಷಮೆ ಕೇಳಿದರು. ಅವಳು ನಾಚಿ, "ಡ್ಯೂಟಿ ಸಾರ್" ಎಂದು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಅವಳ ಹೆಸರನ್ನು ನಾವು ಕೇಳಿದ್ದು ಬಿಡುಗಡೆಯ ದಿನ. ಅಂದು ಅವಳಿಗೆ ರಜೆ ಇತ್ತು.

ಸೋಡಿಯಂ ಕುಸಿದವರಲ್ಲಿ ಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಗಳನ್ನು ಪರೀಕ್ಷಿಸುವುದು ವಾಡಿಕೆ. ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿ ಸೋತರೆ ಉಪ್ಪು ದೇಹದಲ್ಲಿ ನಿಲ್ಲುವುದೇ ಇಲ್ಲ; 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಬಣ್ಣಿಸಿದ ರೋಗ ಅದು. ಅತ್ತೆಯವರಿಗೆ ಆ ತೊಂದರೆ ಇರಲಿಲ್ಲ. ಆದರೆ ಥೈರಾಯ್ಡಿನ ಪರೀಕ್ಷೆ ನನ್ನನ್ನು ಎರಡನೆಯ ಸಲ ತಲೆತಗ್ಗಿಸುವಂತೆ ಮಾಡಿತು. ನಾಲ್ಕೂವರೆಯೊಳಗಿರಬೇಕಾದ ಟಿಎಸ್‌ಎಚ್ 19 ಇತ್ತು. ದಿನವೂ ಮಾತ್ರೆ ನುಂಗುತ್ತಿದ್ದವರಿಗೆ ಹೀಗೇಕೆ? ಪೂಜೆ ಮುಗಿಯದೆ ಅತ್ತೆಯವರು ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ಆದ್ದರಿಂದ ಪೂಜೆಯಾದ ಮೇಲೆ ಕಾಫಿಯ ಲೋಟದೊಡನೆ ಥೈರಾಕ್ಸಿನ್, ಮೂಳೆಗೆಂದು ಕೊಟ್ಟಿದ್ದ ಕ್ಯಾಲ್ಸಿಯಂ, ಎಲ್ಲವನ್ನೂ ಒಂದೇ ಅಂಗೈಯಲ್ಲಿಟ್ಟು ನಾನೇ ಕೊಡುತ್ತಿದ್ದೆ. ಕಾಫಿ ಥೈರಾಕ್ಸಿನ್ನನ್ನು ಹೀರಿಕೊಳ್ಳಗೊಡುವುದಿಲ್ಲ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಅದನ್ನು ಕರುಳಿನಲ್ಲಿಯೇ ಕಟ್ಟಿಹಾಕುತ್ತವೆ. ಅವುಗಳ ನಡುವೆ ನಾಲ್ಕು ಗಂಟೆಯ ಅಂತರ ಬೇಕು. ಸೋಡಿಯಂ ಕುಸಿತಕ್ಕೆ ಇದು ಮುಖ್ಯ ಕಾರಣವಲ್ಲವೆಂದು ವೈದ್ಯರು ಸಮಾಧಾನ ಹೇಳಿದರು. ಆದರೂ ಎಷ್ಟು ವರ್ಷಗಳ ಮಾತ್ರೆಯನ್ನು ನಾನು ಕಾಫಿಯಲ್ಲಿ ಕರಗಿಸಿದೆನೋ!

ಆರನೆಯ ದಿನ 133ಕ್ಕೆ ಬಂದ ಮೇಲೆ ಮನೆಗೆ ಕಳುಹಿಸಿದರು. ಮನೆಯ ಶುಶ್ರೂಷೆಯನ್ನು ಸಿಸ್ಟರ್ ಆಂಟಿ ತಾವೇ ವಹಿಸಿಕೊಂಡರು, ಅಥವಾ ನನ್ನಿಂದ ಮಾಡಿಸಿದರು ಎನ್ನಬೇಕು. ನೀಲಿ ರಟ್ಟಿನ ನೋಟುಪುಸ್ತಕ ತರಿಸಿ ಗೆರೆ ಎಳೆದರು. ಅತ್ತೆಯವರ ಸ್ಟೀಲ್ ಲೋಟಕ್ಕೆ ಎಷ್ಟು ಹಿಡಿಯುತ್ತದೆಂದು ಅಳೆಸಿದರು. ಒಂದು ಲೋಟವೆಂದು ನಾನು ಬಾಯಲ್ಲಿ ಹೇಳುತ್ತಿದ್ದುದು ನಿಜವಾಗಿ 280 ಮಿಲಿಲೀಟರ್! ದಿನಕ್ಕೆ ಹತ್ತು ಲೋಟವೆಂದರೆ ಏನೆಂದು ಆಗ ತಿಳಿಯಿತು. ನೀರು, ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೆ 1200 ಮಿಲಿಲೀಟರ್ ಎಂದು ವೈದ್ಯರು ಹೇಳಿದ್ದರು. ಬಚ್ಚಲಿನಲ್ಲಿ ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಮಗ್ ಬಂತು. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ. ದಿನಕ್ಕೊಮ್ಮೆ ಹೆಸರು, ವಾರ, ಊರು ಕೇಳುವುದು. "ಯಾವೂರು ಅಂತ ದಿನಾ ಏನು ಕೇಳ್ತೀಯವ್ವಾ, ನಿನಗ ಮರೆವು ಬಂತೇನು" ಎಂದು ಅತ್ತೆಯವರು ಗದರಿಸಿದ ದಿನ ಆಂಟಿ ಚಪ್ಪಾಳೆ ತಟ್ಟಿ, "ಇದನ್ನು ಬರೆಯಿರಿ" ಎಂದರು.

ಊರಿನಿಂದ ಬಂದ ನೆಂಟರು ಓಆರ್‌ಎಸ್ ಪೊಟ್ಟಣಗಳನ್ನು ತಂದಿದ್ದರು. ಒಂದು ಪೊಟ್ಟಣವನ್ನು ಒಂದೇ ಲೋಟಕ್ಕೆ ಕಲಸುತ್ತಿದ್ದುದನ್ನು ಕಂಡು ಆಂಟಿ ಕೈಹಿಡಿದು ತಡೆದರು. ದೊಡ್ಡ ಪೊಟ್ಟಣದಲ್ಲಿರುವುದು 20.5 ಗ್ರಾಂ ಪುಡಿ. ಅದಕ್ಕೆ ಪೂರ್ತಿ ಒಂದು ಲೀಟರ್ ನೀರು ಬೇಕು. ವಾಂತಿಭೇದಿಯ ಮಗುವಿಗೆ ಗಟ್ಟಿಯಾಗಿ ಕಲಸಿ ಕೊಟ್ಟರೆ ಸೋಡಿಯಂ ಏರಿ ಅಪಾಯವಾಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಕೊಡುವ ದ್ರಾವಣ ಸಾಲದೆ ಹೋದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸುಗಳನ್ನು ತೂಗಿ ಚೀಲಗಳಲ್ಲಿ ತುಂಬಿಸಿ, ನೀರಿನಲ್ಲಿ ಬೆರೆಸಿ ಕುಡಿಸಲು ರೋಗಿಗಳ ಮನೆಯವರಿಗೇ ಕೊಟ್ಟರು. ಓದುಬರಹ ತಿಳಿಯದ ತಾಯಂದಿರು ಅದನ್ನು ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿಕೊಂಡರು. ಈ ಕಥೆಯನ್ನು ಆಂಟಿ ನಮಗೆ ಹೇಳಿದ್ದು ಅಡುಗೆಮನೆಯ ಕಟ್ಟೆಯ ಮೇಲೆ ಅಳತೆಯ ಚಮಚವನ್ನು ಇಟ್ಟುಕೊಂಡು. ಅತ್ತೆಯವರಿಗೆ ಆ ದ್ರಾವಣ ಬೇಕಿರಲಿಲ್ಲ. ಪೊಟ್ಟಣಗಳು ನೆಂಟರೊಡನೆ ಊರಿಗೆ ಹಿಂತಿರುಗಿದವು.

ಉಪ್ಪು ಮತ್ತೆ ಮನೆಗೆ ಬಂತು, ಆದರೆ ಅಳತೆಯ ಮೇಲೆ. ರಕ್ತದೊತ್ತಡವೂ ಇದ್ದುದರಿಂದ ಅಡುಗೆಯದೆಲ್ಲ ಸೇರಿ ದಿನಕ್ಕೆ ಐದು ಗ್ರಾಂ, ಎಂದರೆ ಒಂದು ಟೀ ಚಮಚದೊಳಗೆ. ಮಾತ್ರೆಯ ಕೊನೆಯ ಅಕ್ಷರವನ್ನು ಕಳಚಿ ಬೇರೆ ಔಷಧಿ ಕೊಟ್ಟರು. ಥೈರಾಕ್ಸಿನ್ ಮಾತ್ರ ಪೂಜೆಯೊಡನೆ ಸ್ವಲ್ಪ ಜಗಳವಾಡಿತು. ಪೂಜೆಗೆ ಮೊದಲು ನುಂಗಿ ಎಂದರೆ ಅತ್ತೆಯವರು ಒಪ್ಪಲಿಲ್ಲ, ನನಗೂ ಒತ್ತಾಯಿಸುವ ಮನಸ್ಸಾಗಲಿಲ್ಲ. ಕೊನೆಗೆ ಪೂಜೆ ಮುಗಿದ ಮೇಲೆ ಬರೀ ನೀರಿನೊಡನೆ ಮಾತ್ರೆ, ಅದಾದ ಒಂದು ಗಂಟೆಗೆ ಕಾಫಿ, ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ನಂತರ ಎಂದು ರಾಜಿಯಾಯಿತು. ಆ ಒಂದು ಗಂಟೆ ಅವರು ವರಾಂಡದಲ್ಲಿ ಕುಳಿತು ಗಡಿಯಾರವನ್ನೇ ನೋಡುತ್ತಿದ್ದರು. ಎರಡು ತಿಂಗಳಲ್ಲಿ ಟಿಎಸ್‌ಎಚ್ 4ಕ್ಕೆ ಇಳಿಯಿತು; ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಲೇ ಬೇಕಾಗಲಿಲ್ಲ.

ಅತ್ತೆಯವರು ಅದಾದ ಮೇಲೆ ಐದು ವರ್ಷ ಬದುಕಿದ್ದರು. ಪೂಜೆಯ ಕೈ ಮತ್ತೆಂದೂ ತಡವರಿಸಲಿಲ್ಲ. ರಾತ್ರಿ ರೈಲಿನ ಸದ್ದಾದರೆ, "ಹೋತು ನೋಡು" ಎಂದಷ್ಟೇ ಹೇಳಿ ಮಗ್ಗುಲು ಬದಲಿಸುತ್ತಿದ್ದರು. ಸಿಸ್ಟರ್ ಆಂಟಿ ಮಗಳಿರುವ ಆಸ್ಟ್ರೇಲಿಯಕ್ಕೆ ಹೋದರು. ಅವರ ಹೆಂಚಿನ ಮನೆ ಇದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಕಟ್ಟಡವಿದೆ.

ಕಳೆದ ತಿಂಗಳು ನನ್ನ ರಕ್ತದೊತ್ತಡದ ಮಾತ್ರೆಯನ್ನೂ ವೈದ್ಯರು ಬದಲಾಯಿಸಿದರು. ಔಷಧಿ ಅಂಗಡಿಯ ದೀಪದ ಕೆಳಗೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ತಿರುಗಿಸಿ ನೋಡಿದೆ. ಹೆಸರಿನ ಕೊನೆಗೆ ಆ ಅಕ್ಷರವಿತ್ತು. ಹಿಂತಿರುಗಿ ಹೋಗಿ, ಸೋಡಿಯಂ, ಪೊಟ್ಯಾಷಿಯಂ ಯಾವಾಗ ನೋಡಿಸಲೆಂದು ಕೇಳಿದೆ. "ಎರಡು ವಾರಕ್ಕೆ" ಎಂದರು. ನೀಲಿ ರಟ್ಟಿನ ನೋಟುಪುಸ್ತಕದಲ್ಲಿ ಇನ್ನೂ ಖಾಲಿ ಹಾಳೆಗಳಿದ್ದವು. ಅತ್ತೆಯವರ ಕೊನೆಯ ತೂಕದ ಕೆಳಗೆ ಒಂದು ಗೆರೆ ಎಳೆದು, ನನ್ನ ಹೆಸರನ್ನೂ ತಾರೀಖನ್ನೂ ಬರೆದುಕೊಂಡೆ.